ಗಾಜಿನ ಮೇಲಿನ ಸಾಕ್ಷಿ: ‘ದಿ ಲೇಡಿ ವ್ಯಾನಿಷಸ್’ ಕುರಿತು ಒಂದು ಟಿಪ್ಪಣಿ

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ದಿ ಲೇಡಿ ವ್ಯಾನಿಷಸ್’ (1938) ಚಿತ್ರವನ್ನು ಯುದ್ಧಪೂರ್ವ ಬ್ರಿಟನ್ನಿನ ರಾಜಕೀಯ ರೂಪಕವೆಂದು ಓದುವುದು ರೂಢಿ. ಆ ಓದಿಗೆ ಆಧಾರವಾಗಿ ಸಾಮಾನ್ಯವಾಗಿ ಕೊನೆಯ ಗುಂಡಿನ ಕಾಳಗವನ್ನು ತೋರಿಸುತ್ತಾರೆ. ಆದರೆ ಅದಕ್ಕೂ ಮೊದಲೇ, ರೈಲಿನೊಳಗೆ ಯಾರು ಯಾಕೆ ಸಾಕ್ಷಿ ನುಡಿಯಲಿಲ್ಲ ಎಂಬಲ್ಲಿಯೇ ಚಿತ್ರದ ರಾಜಕೀಯ ಗಟ್ಟಿಯಾಗಿ ನೆಲೆಯೂರಿದೆ ಎಂಬುದು ನನ್ನ ಅಭಿಪ್ರಾಯ.

ಬಾಂಡ್ರಿಕಾ ಎಂಬ ಕಲ್ಪಿತ ದೇಶದಿಂದ ಹೊರಟ ರೈಲಿನಲ್ಲಿ ಮಿಸ್ ಫ್ರಾಯ್ ಎಂಬ ವಯಸ್ಸಾದ ಇಂಗ್ಲಿಷ್ ಮಹಿಳೆ ಕಾಣೆಯಾಗುತ್ತಾಳೆ. ಜೊತೆಗಿದ್ದ ತರುಣಿ ಐರಿಸ್ ವಿಚಾರಿಸಿದರೆ, ಅಂಥವರು ಯಾರೂ ಇರಲೇ ಇಲ್ಲ ಎನ್ನುತ್ತಾರೆ ಸುತ್ತಲಿನವರು. ರೈಲು ಹತ್ತುವ ಮುನ್ನ ಹೂಕುಂಡ ಬಿದ್ದು ಐರಿಸಳ ತಲೆಗೆ ಪೆಟ್ಟಾಗಿತ್ತು. ಇದೆಲ್ಲ ಅದರಿಂದಾದ ಭ್ರಮೆ ಎಂದುಬಿಡುವುದು, ಅವಳನ್ನು ಅಡಗಿಸಿದ ಪಿತೂರಿಯಲ್ಲಿ ಪಾಲುಗಾರನಾದ ವೈದ್ಯ ಡಾ. ಹಾರ್ಟ್ಸ್‌ಗೆ ಸುಲಭವಾಗುತ್ತದೆ.

ಮನುಷ್ಯರು ಬಾಯಿ ಬಿಡದಿದ್ದಾಗ ಸಾಕ್ಷಿ ಹೇಳುವುದು ರೈಲಿನ ಗಾಜು. ಚಹಾ ಕುಡಿಯುವಾಗ ರೈಲಿನ ಸದ್ದಿಗೆ ತನ್ನ ಹೆಸರು ಕೇಳಿಸದೆಂದು ಫ್ರಾಯ್ ಮಂಜುಗಟ್ಟಿದ ಕಿಟಕಿಯ ಮೇಲೆ ಬೆರಳಿನಿಂದ ಬರೆದು ತೋರಿಸಿರುತ್ತಾಳೆ. ಐರಿಸ್ ಅದನ್ನು ಮತ್ತೆ ಕಂಡು, ಹುಡುಕಾಟಕ್ಕೆ ನೆರವಾಗುತ್ತಿದ್ದ ಸಹಪ್ರಯಾಣಿಕ ಗಿಲ್ಬರ್ಟ್‌ಗೆ ತೋರಿಸಹೊರಟಾಗ ರೈಲು ಸುರಂಗ ಹೊಕ್ಕು, ಅಕ್ಷರಗಳು ಅಳಿಸಿಹೋಗುತ್ತವೆ. ಆಮೇಲೆ ಅಡುಗೆಯವನು ಹೊರಗೆಸೆದ ಕಸದಲ್ಲಿದ್ದ ಹರಿಮನ್ಸ್ ಚಹಾದ ಪೊಟ್ಟಣ ಗಾಳಿಗೆ ಹಾರಿ ಕಿಟಕಿಗೆ ಅಂಟಿಕೊಳ್ಳುತ್ತದೆ. ಫ್ರಾಯ್ ಕುಡಿಯುತ್ತಿದ್ದುದು ಅದೇ ಚಹಾ. ಈ ಬಾರಿ ನೋಡುವವನು ಗಿಲ್ಬರ್ಟ್. ಒಂದು ಕುರುಹು ಅವಳೊಬ್ಬಳಿಗೆ, ಇನ್ನೊಂದು ಅವನೊಬ್ಬನಿಗೆ, ಎರಡೂ ಕ್ಷಣಮಾತ್ರ. ಹಬೆ, ಸುರಂಗ, ಗಾಳಿ ಎಲ್ಲ ರೈಲಿನವೇ ಆದ್ದರಿಂದ ಈ ಆಕಸ್ಮಿಕಗಳನ್ನು ನಾವು ನಂಬುತ್ತೇವೆ. ಲಂಡನ್ನಿನ ಇಸ್ಲಿಂಗ್ಟನ್ ಸ್ಟುಡಿಯೊದ ಇಕ್ಕಟ್ಟಿನ ಜಾಗದಲ್ಲಿ ಒಂದೇ ಬೋಗಿ ಇಟ್ಟುಕೊಂಡು, ಉಳಿದದ್ದನ್ನು ಮಾದರಿಗಳಿಂದಲೂ ಹಿನ್ನೆಲೆಯ ಪರದೆಯಿಂದಲೂ ಸಾಧಿಸಿದ ಚಿತ್ರವಿದು ಎಂಬುದನ್ನು ನೆನೆದರೆ ಗೌರವ ಹೆಚ್ಚುತ್ತದೆ.

ಇನ್ನು ಸುಳ್ಳು ಹೇಳಿದವರು. ಚಾರ್ಟರ್ಸ್ ಮತ್ತು ಕಾಲ್ಡಿಕಾಟ್ ಕ್ರಿಕೆಟ್ ಹುಚ್ಚಿನವರು. ಸಕ್ಕರೆ ತುಂಡುಗಳನ್ನು ಮೇಜಿನ ಮೇಲೆ ಆಟಗಾರರಂತೆ ಹರಡಿ ಒಂದು ಪಂದ್ಯದ ವಿವರ ನೋಡುತ್ತಿದ್ದಾಗ ಸಕ್ಕರೆ ಕೇಳಿದವಳೇ ಮಿಸ್ ಫ್ರಾಯ್. ಮರೆತಿರಲು ಸಾಧ್ಯವೇ ಇಲ್ಲ. ಆದರೂ ರೈಲು ತಡವಾಗಿ ಮ್ಯಾಂಚೆಸ್ಟರ್ ಟೆಸ್ಟ್ ತಪ್ಪೀತೆಂದು ಇಲ್ಲವೆನ್ನುತ್ತಾರೆ. (ಊರು ಸೇರಿದರೆ ಪಂದ್ಯವೇ ರದ್ದಾಗಿರುತ್ತದೆ. ಅದೇ 1938ರ ಜುಲೈನಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ನಡುವಿನ ಮ್ಯಾಂಚೆಸ್ಟರ್ ಟೆಸ್ಟ್ ನಿಜವಾಗಿಯೂ ಮಳೆಯಿಂದಾಗಿ ಒಂದು ಚೆಂಡನ್ನೂ ಕಾಣಲಿಲ್ಲ.) ವಕೀಲ ಟಾಡ್‌ಹಂಟರ್‌ಗೆ ಪರಸ್ತ್ರೀಯ ಜೊತೆಗಿನ ಪ್ರಯಾಣ ಬಯಲಾದೀತೆಂಬ ಅಂಜಿಕೆ. ಇವರಲ್ಲಿ ಯಾರೂ ಶತ್ರುವಿನ ಕಡೆಯವರಲ್ಲ. ಪಿತೂರಿಗೆ ಬೇಕಾದ ಮೌನವನ್ನು ಸಭ್ಯರೇ ಪುಕ್ಕಟೆಯಾಗಿ ಒದಗಿಸುತ್ತಾರೆ.

ಮೂಲ ಕೃತಿಯಾದ ಎಥೆಲ್ ಲೀನಾ ವೈಟ್ ಅವರ ‘ದಿ ವೀಲ್ ಸ್ಪಿನ್ಸ್’ (1936) ಕಾದಂಬರಿಯಲ್ಲೂ ಈ ಸ್ವಾರ್ಥದ ಮೌನವಿದೆ. ಆದರೆ ಚಿತ್ರದಲ್ಲಿ ಗೂಢಚಾರಿಣಿಯಾದ ಫ್ರಾಯ್ ಅಲ್ಲಿ ಬರೀ ಮನೆಪಾಠದ ಶಿಕ್ಷಕಿ. ಕ್ರಿಕೆಟ್ ಜೋಡಿಯೂ, ಫ್ರಾಯ್ ಹೊತ್ತೊಯ್ಯುವ, ಒಂದು ರಹಸ್ಯ ಒಪ್ಪಂದದ ಗುಟ್ಟನ್ನು ಅಡಗಿಸಿಟ್ಟ ರಾಗವೂ ಚಿತ್ರಕ್ಕಾಗಿ ಹುಟ್ಟಿಕೊಂಡವು. ಚಿತ್ರಕಥೆ ಸಿಡ್ನಿ ಗಿಲಿಯಟ್ ಮತ್ತು ಫ್ರಾಂಕ್ ಲಾಂಡರ್ ಅವರದು.

ಆ ಕೊನೆಯ ಗುಂಡಿನ ಕಾಳಗದಲ್ಲಿ, ಕಾಡಿನಲ್ಲಿ ನಿಂತ ಬೋಗಿಯಿಂದ ಶರಣಾಗಲೆಂದು ಬಿಳಿ ಕರವಸ್ತ್ರ ಬೀಸುತ್ತ ಇಳಿದು ಗುಂಡಿಗೆ ಬಲಿಯಾಗುವವನು ಇದೇ ಟಾಡ್‌ಹಂಟರ್. ಇದನ್ನು, ಹಿಟ್ಲರನನ್ನು ಓಲೈಸಲು ಬ್ರಿಟನ್ ಮಾಡಿಕೊಂಡ ಮ್ಯೂನಿಕ್ ಒಪ್ಪಂದಕ್ಕೆ ಕೊಟ್ಟ ಉತ್ತರವೆಂದು ಓದಿದವರುಂಟು. ಒಪ್ಪಂದವಾದದ್ದು 1938ರ ಸೆಪ್ಟೆಂಬರ್ ಕೊನೆಗೆ. ಚಿತ್ರ ಲಂಡನ್ನಿನಲ್ಲಿ ತೆರೆ ಕಂಡದ್ದು ಅಕ್ಟೋಬರಿನಲ್ಲಾದರೂ ಸಿದ್ಧವಾಗಿದ್ದು ಅದಕ್ಕೂ ಮೊದಲು. ಹಾಗಾಗಿ ಆ ಕರವಸ್ತ್ರ ಮ್ಯೂನಿಕ್ಕಿನ ಮೇಲಿನ ಟೀಕೆಯಾಗಿರಲು ಸಾಧ್ಯವಿಲ್ಲ. ಅಲ್ಲಿಗೆ ಒಯ್ದ ಮನೋಭಾವದ ಮೇಲಿನ ತೀರ್ಪೆಂದು ಅದನ್ನು ಓದಬೇಕು.