ಊ: ನಾಮಪದಗಳನ್ನು ಕೂಡಿಸುವ ಒಂದಕ್ಷರ

‘ಅಕ್ಕನೂ ತಂಗಿಯೂ ಬಂದರು’ ಎನ್ನುವಲ್ಲಿ ಎರಡು ಹೆಸರುಗಳನ್ನು ಬೆಸೆದದ್ದು ‘ಊ’. ಹಳಗನ್ನಡದಲ್ಲಿ ಇದರ ರೂಪ ‘ಉಂ’: ರಾಮನುಂ ಲಕ್ಷ್ಮಣನುಂ. ಕೊನೆಯ ಅನುಸ್ವಾರ ಬಿದ್ದುಹೋಗಿ ಸ್ವರ ದೀರ್ಘವಾಯಿತು. ತಮಿಳು, ಮಲಯಾಳಂಗಳಲ್ಲಿ ‘ಉಮ್’ ಇಂದಿಗೂ ಉಳಿದಿದೆ.

‘ಮತ್ತು’ ಎರಡು ಪದಗಳ ನಡುವೆ ಒಮ್ಮೆ ಬಂದರೆ ಸಾಕು. ‘ಊ’ ಹಾಗಲ್ಲ, ಕೂಡುವ ಪ್ರತಿಯೊಂದು ಪದಕ್ಕೂ ಹತ್ತುತ್ತದೆ, ಅದೂ ವಿಭಕ್ತಿ ಪ್ರತ್ಯಯದ ನಂತರ: ಅಣ್ಣನಿಗೂ ತಮ್ಮನಿಗೂ, ಊರಿನಲ್ಲೂ ಕಾಡಿನಲ್ಲೂ. ಮಾತಿನಲ್ಲಿ ನಾವು ಎರಡನ್ನೂ ಬಿಟ್ಟು ‘ಅಪ್ಪ ಅಮ್ಮ ಬಂದ್ರು’ ಎಂದುಬಿಡುತ್ತೇವೆ. ಬಹುವಚನದ ಭಾರವನ್ನು ಆಗ ಕ್ರಿಯಾಪದವೇ ಹೊರುತ್ತದೆ.

ನನಗೆ ‘ಊ’ವಿನ ನಿಜವಾದ ಸೊಗಸು ಕಾಣುವುದು ಸಂಖ್ಯೆಗಳ ಜೊತೆಯಲ್ಲಿ. ‘ಮೂರು ಹಸು ಬಂದವು’ ಎಂದರೆ ಕೊಟ್ಟಿಗೆಯಲ್ಲಿ ಇನ್ನೂ ಇದ್ದಾವು. ‘ಮೂರೂ ಹಸು ಬಂದವು’ ಎಂದರೆ ಇದ್ದದ್ದೇ ಮೂರು, ಒಂದೂ ಉಳಿದಿಲ್ಲ. ಒಂದು ಸ್ವರವನ್ನು ಎಳೆದುದರಿಂದಲೇ ಲೆಕ್ಕ ಪೂರ್ತಿಯಾಯಿತು! ಪ್ರಶ್ನೆಯ ಪದಕ್ಕೆ ಸೇರಿದರಂತೂ ಗುಂಪಿನ ಯಾರನ್ನೂ ಹೊರಗೆ ಬಿಡುವುದಿಲ್ಲ: ಯಾರೂ ಇಲ್ಲ, ಎಲ್ಲೂ ಸಿಗಲಿಲ್ಲ, ಏನೂ ಬೇಡ. ‘ಮಳೆ ಬಂದರೂ ಹೊರಟ’ ಎಂಬಲ್ಲಿ ‘ಬಂದರೆ’ಯ ಮೇಲೆ ಕೂತಿರುವುದೂ ಇದೇ.

ಬರವಣಿಗೆಯಲ್ಲಿ ಇತ್ತೀಚೆಗೆ ‘ಮತ್ತು’ ಅತಿಯಾಗಿದೆ. ‘ರೈತರು ಮತ್ತು ವ್ಯಾಪಾರಿಗಳಿಗೆ’ ಎಂದು ಬರೆದಾಗ ‘ಗೆ’ ರೈತರನ್ನು ಮುಟ್ಟುವುದೇ ಇಲ್ಲ. ‘ರೈತರಿಗೂ ವ್ಯಾಪಾರಿಗಳಿಗೂ’ ಎಂದರೆ ಇಬ್ಬರಿಗೂ ಸಮಪಾಲು.