ಚಿಕ್ಕ ಮಕ್ಕಳಿಗೆ ಶೌಚಾಭ್ಯಾಸ: ಮನೆಯಲ್ಲಿ ಹಾಗೂ ಶಿಶುಪಾಲನಾ ಕೇಂದ್ರದಲ್ಲಿ ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಮಲಮೂತ್ರ ವಿಸರ್ಜನೆಯ ಅಗತ್ಯವನ್ನು ಮಗುವು ತಾನೇ ಅರಿತು, ಅದನ್ನು ಹಿರಿಯರಿಗೆ ತಿಳಿಸಿ, ನಿಗದಿತ ಸ್ಥಳದಲ್ಲಿ ವಿಸರ್ಜಿಸುವುದನ್ನು ಕಲಿಯುವುದೇ ಶೌಚಾಭ್ಯಾಸ. ಇದು ಮಗುವಿನ ಆರೋಗ್ಯಕ್ಕೂ ಕುಟುಂಬದ ನೈರ್ಮಲ್ಯಕ್ಕೂ ಸಂಬಂಧಿಸಿದ ವಿಷಯವಾಗಿದೆ. ಮಗುವನ್ನು ಅಂಗನವಾಡಿ, ಗ್ರಾಮ ಪಂಚಾಯಿತಿ ಮಟ್ಟದ ಕೂಸಿನ ಮನೆ ಅಥವಾ ಇತರೆ ಶಿಶುಪಾಲನಾ ಕೇಂದ್ರಕ್ಕೆ ಸೇರಿಸಲು ಇಚ್ಛಿಸುವ ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಯಾವಾಗ ಆರಂಭಿಸಬೇಕು?

ಇದಕ್ಕೆ ನಿಶ್ಚಿತ ವಯಸ್ಸು ಇರುವುದಿಲ್ಲ. ಬಹುತೇಕ ಮಕ್ಕಳು 18 ತಿಂಗಳಿನಿಂದ 3 ವರ್ಷದೊಳಗೆ ಇದಕ್ಕೆ ಸಿದ್ಧರಾಗುತ್ತಾರೆ. ಹಸುಗೂಸನ್ನು ಕಾಲುಗಳ ಮೇಲೆ ಕೂರಿಸಿಕೊಂಡು 'ಶ್' ಎಂದು ಸದ್ದು ಮಾಡಿ ಉಚ್ಚೆ ಹುಯ್ಯಿಸುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿದೆ. ಇದರಿಂದ ತೊಂದರೆಯಿಲ್ಲ. ಆದರೆ ಆಗ ವೇಳೆಯನ್ನು ಗುರುತಿಸುವವರು ತಾಯಿ ಅಥವಾ ಅಜ್ಜಿ. ಮಗುವು ತಾನೇ ತಡೆದುಕೊಂಡು ತಿಳಿಸುವ ಶಕ್ತಿ ನಂತರ ಬರುತ್ತದೆ. ಸಿದ್ಧತೆಯ ಲಕ್ಷಣಗಳು ಈ ಕೆಳಗಿನಂತಿವೆ:

* ಸುಮಾರು 2 ಗಂಟೆಗಳ ಕಾಲ ಬಟ್ಟೆ ಒದ್ದೆಯಾಗದೆ ಇರುವುದು.
* ಒದ್ದೆ ಬಟ್ಟೆಯನ್ನು ಬದಲಿಸುವಂತೆ ಸನ್ನೆ ಮಾಡುವುದು. ಮೂಲೆ ಸೇರುವುದು ಅಥವಾ ಕುಕ್ಕರಿಸುವುದು.
* ಸರಳ ಸೂಚನೆಗಳನ್ನು ಅರ್ಥ ಮಾಡಿಕೊಳ್ಳುವುದು.
* ಚಡ್ಡಿಯನ್ನು ಕೆಳಗಿಳಿಸಲು ಪ್ರಯತ್ನಿಸುವುದು.

ಮನೆಯಲ್ಲಿ ಹೊಸ ಮಗುವಿನ ಜನನ, ಮನೆ ಬದಲಾವಣೆ ಅಥವಾ ಮಗುವಿಗೆ ಅನಾರೋಗ್ಯವಿದ್ದಲ್ಲಿ ಕೆಲವು ವಾರಗಳ ಕಾಲ ಮುಂದೂಡುವುದು ಸೂಕ್ತ.

2. ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ಅ) ಬೆಳಿಗ್ಗೆ ಎದ್ದ ಕೂಡಲೇ, ಊಟ ತಿಂಡಿಯ ನಂತರ ಹಾಗೂ ಮಲಗುವ ಮುನ್ನ ಮಗುವನ್ನು ಕೂರಿಸಬೇಕು. ಆಹಾರ ಹೊಟ್ಟೆ ಸೇರಿದಾಗ ಕರುಳಿನ ಚಲನೆ ಹೆಚ್ಚುವುದರಿಂದ ಊಟದ ನಂತರದ ವೇಳೆ ಹೆಚ್ಚು ಫಲಕಾರಿ. ಒಮ್ಮೆಗೆ 5 ನಿಮಿಷಕ್ಕಿಂತ ಹೆಚ್ಚು ಕಾಲ ಬಲವಂತವಾಗಿ ಕೂರಿಸಬಾರದು.

ಆ) ದೊಡ್ಡವರ ಶೌಚಾಲಯದ ಗುಂಡಿಯಲ್ಲಿ ಬೀಳುವೆನೆಂಬ ಭಯ ಮಕ್ಕಳಿಗೆ ಸಹಜ. ಆದ್ದರಿಂದ ಪಾದಗಳು ನೆಲಕ್ಕೆ ಊರುವಂತಹ ಚಿಕ್ಕ ಪಾಟಿಯನ್ನು ಬಳಸಬಹುದು. ಕೂರುವ ಮಾದರಿಯ ಶೌಚಾಲಯವಾದಲ್ಲಿ ಪಾದಗಳ ಕೆಳಗೆ ಮಣೆ ಇಡಬೇಕು.

ಇ) ಸುಲಭವಾಗಿ ಬಿಚ್ಚಬಹುದಾದ ಎಲಾಸ್ಟಿಕ್ ಚಡ್ಡಿಯನ್ನು ತೊಡಿಸಬೇಕು. ಲಾಡಿ, ಗುಂಡಿಗಳಿರುವ ಉಡುಪು ಬೇಡ.

ಈ) ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಇದರಿಂದ ಮೂತ್ರನಾಳದ ಸೋಂಕಿನ ಸಾಧ್ಯತೆ ಕಡಿಮೆಯಾಗುತ್ತದೆ.

ಉ) ಚಿಕ್ಕ ಮಕ್ಕಳ ಮಲವು ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಅದರಲ್ಲಿಯೂ ಅತಿಸಾರ ಹರಡುವ ರೋಗಾಣುಗಳಿರುತ್ತವೆ. ಮಲವನ್ನು ಚರಂಡಿ, ಹಿತ್ತಲು ಅಥವಾ ತಿಪ್ಪೆಗೆ ಎಸೆಯದೆ ಶೌಚಾಲಯಕ್ಕೇ ಹಾಕಿ, ಪಾಟಿಯನ್ನು ಸ್ವಚ್ಛಗೊಳಿಸಿ, ಮಗುವಿನ ಕೈಗಳನ್ನೂ ತಮ್ಮ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು.

3. ಶಿಕ್ಷೆ ಕೂಡದು

ಮಗುವು ಬಟ್ಟೆ ಒದ್ದೆ ಮಾಡಿಕೊಳ್ಳುವುದು ಹಟವಲ್ಲ, ಸೋಮಾರಿತನವೂ ಅಲ್ಲ. ಕಲಿಕೆಯ ಒಂದು ಹಂತ. ಹೊಡೆಯುವುದು, ಬರೆ ಹಾಕುವುದಾಗಿ ಹೆದರಿಸುವುದು, ಇತರರೆದುರು ನಾಚಿಕೆಪಡಿಸುವುದು ಇವುಗಳನ್ನು ಯಾವ ಕಾರಣಕ್ಕೂ ಮಾಡಬಾರದು. ಹೆದರಿದ ಮಗು ಮಲವನ್ನು ತಡೆಹಿಡಿಯುತ್ತದೆ. ತಡೆಹಿಡಿದ ಮಲವು ಗಟ್ಟಿಯಾಗಿ ವಿಸರ್ಜನೆಯ ವೇಳೆ ನೋವುಂಟುಮಾಡುತ್ತದೆ. ನೋವಿನ ಭಯದಿಂದ ಮಗು ಇನ್ನಷ್ಟು ತಡೆಹಿಡಿಯುತ್ತದೆ. ಹೀಗೆ ಶಿಕ್ಷೆಯಿಂದಲೇ ಮಲಬದ್ಧತೆ ಬೇರೂರಬಹುದು. ಇಂತಹ ಸಂದರ್ಭದಲ್ಲಿ ತರಬೇತಿಯನ್ನು ಕೆಲವು ವಾರ ನಿಲ್ಲಿಸಿ, ಸಾಕಷ್ಟು ನೀರು, ಸೊಪ್ಪು, ತರಕಾರಿ, ಪರಂಗಿ ಹಣ್ಣು ಮುಂತಾದವುಗಳನ್ನು ನೀಡಿ ನಂತರ ಪುನಃ ಆರಂಭಿಸಬೇಕು. ಯಶಸ್ವಿಯಾದಾಗ ಒಂದು ಮೆಚ್ಚುಗೆಯ ಮಾತು ಸಾಕು.

4. ಶಿಶುಪಾಲನಾ ಕೇಂದ್ರಕ್ಕೆ ಸೇರಿಸುವಾಗ

ಮನೆಯಲ್ಲಿ ಒಂದು ಪದ್ಧತಿ, ಕೇಂದ್ರದಲ್ಲಿ ಮತ್ತೊಂದು ಪದ್ಧತಿ ಇದ್ದಲ್ಲಿ ಮಗು ಗೊಂದಲಕ್ಕೀಡಾಗುತ್ತದೆ. ಆದ್ದರಿಂದ ಪೋಷಕರು ಮೊದಲ ದಿನವೇ ಈ ಕೆಳಕಂಡ ಮಾಹಿತಿಯನ್ನು ಕಾರ್ಯಕರ್ತೆಯವರಿಗೆ ತಿಳಿಸುವುದು ಒಳಿತು:

* ಮಗು ಬಳಸುವ ಪದ ಅಥವಾ ಸನ್ನೆ (ಉಚ್ಚೆ, ಸುಸ್ಸು, ಕಕ್ಕ ಇತ್ಯಾದಿ). ಮನೆಮಾತು ಕನ್ನಡವಲ್ಲದಿದ್ದಲ್ಲಿ ಇದು ಅತ್ಯಗತ್ಯ.
* ಮಗು ಸಾಮಾನ್ಯವಾಗಿ ವಿಸರ್ಜನೆಗೆ ಹೋಗುವ ವೇಳೆ.
* ಮಲಬದ್ಧತೆ ಅಥವಾ ಇತರ ತೊಂದರೆಗಳಿದ್ದಲ್ಲಿ ಅವುಗಳ ವಿವರ.

ಪ್ರತಿದಿನ ಹೆಸರು ಬರೆದ ಚೀಲದಲ್ಲಿ ಕನಿಷ್ಠ 2 ಜೊತೆ ಬಟ್ಟೆಗಳನ್ನು ಕಳುಹಿಸಬೇಕು. ಸೇರಿಸುವ ಮುನ್ನ ಕೇಂದ್ರದ ಶೌಚಾಲಯವನ್ನು ಖುದ್ದಾಗಿ ನೋಡಬೇಕು. ನೀರು, ಸಾಬೂನು, ಬೆಳಕು ಇವೆಯೇ, ಮಗುವನ್ನು ಯಾರು ಕರೆದೊಯ್ಯುತ್ತಾರೆ, ಬಟ್ಟೆ ಬದಲಿಸುವಾಗ ಮಗುವಿಗೆ ಮರೆ ಇದೆಯೇ ಎಂಬುದನ್ನು ಕೇಳಿ ತಿಳಿಯುವುದು ಪೋಷಕರ ಕರ್ತವ್ಯ. ಕೇಂದ್ರದಲ್ಲಿ ನೀರು ಕುಡಿಯಲು ಅಥವಾ ಶೌಚಕ್ಕೆ ಹೋಗಲು ಮಗು ಹಿಂಜರಿಯುತ್ತಿದ್ದಲ್ಲಿ ಕಾರ್ಯಕರ್ತೆಯವರೊಂದಿಗೆ ಚರ್ಚಿಸಬೇಕು.

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂಬ ಹಾಗೂ ತಾಯಿಗೆ ದಿನಕ್ಕೆ 4 ಬಾರಿ ಮಗುವನ್ನು ಭೇಟಿ ಮಾಡಲು ಅವಕಾಶ ನೀಡಬೇಕೆಂಬ ಉಪಬಂಧವು ಹೆರಿಗೆ ಸೌಲಭ್ಯ ಅಧಿನಿಯಮದ 2017ರ ತಿದ್ದುಪಡಿಯ ಮೂಲಕ ಬಂದಿತು. ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಇದನ್ನು ಸೇರಿಸಲಾಗಿದೆ. ಉದ್ಯೋಗಸ್ಥ ತಾಯಂದಿರು ಈ ಭೇಟಿಗಳನ್ನು ಮಗುವಿನ ಅಭ್ಯಾಸ ರೂಢಿಸಲು ಉಪಯೋಗಿಸಿಕೊಳ್ಳಬಹುದು.

5. ವೈದ್ಯರನ್ನು ಯಾವಾಗ ಕಾಣಬೇಕು?

* ಮೂತ್ರ ವಿಸರ್ಜನೆಯ ವೇಳೆ ಉರಿ, ಅಳು ಅಥವಾ ಜ್ವರವಿದ್ದಲ್ಲಿ.
* ಮಲದಲ್ಲಿ ರಕ್ತ ಕಂಡುಬಂದಲ್ಲಿ ಅಥವಾ ಮಲಬದ್ಧತೆ ಮುಂದುವರಿದಲ್ಲಿ.
* ಅಭ್ಯಾಸವಾಗಿದ್ದ ಮಗು ಏಕಾಏಕಿ ಪುನಃ ಒದ್ದೆ ಮಾಡಿಕೊಳ್ಳತೊಡಗಿದಲ್ಲಿ.
* 4 ವರ್ಷ ತುಂಬಿದ ನಂತರವೂ ಹಗಲಿನ ನಿಯಂತ್ರಣ ಬಾರದಿದ್ದಲ್ಲಿ.

ರಾತ್ರಿಯ ನಿಯಂತ್ರಣವು ಹಗಲಿನದಕ್ಕಿಂತ ತಡವಾಗಿ ಬರುತ್ತದೆ. 5 ವರ್ಷದ ಮಗು ಆಗಾಗ್ಗೆ ಹಾಸಿಗೆ ಒದ್ದೆ ಮಾಡಿದಲ್ಲಿ ಆತಂಕಪಡಬೇಕಾಗಿಲ್ಲ.

ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವ ಸಂಶಯ ಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಇತರ ಸಲಹೆಗಾಗಿ ಸಮೀಪದ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.