ಎಂಟು ಚುಕ್ಕಿಯ ಮನೆಯಿಂದ ಕನ್ನಡದ ಕಿಟಕಿಗೆ: ಆಸಕ್ತರು ಕಟ್ಟಿದ ಗಣಕ ಚರಿತ್ರೆ

ಪ್ರವೇಶ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. ತುಂಗಭದ್ರೆಯ ಬಲದಂಡೆಯ ಸೀಮೆಯ ಈ ನಾಲ್ಕು ಊರ ಹೆಸರುಗಳೇ ಈ ಲೇಖನದ ಒರೆಗಲ್ಲು. ನಾಲ್ಕೂ ಸೇರಿ ಹನ್ನೊಂದು ಅಕ್ಷರ. ಕನ್ನಡ ಬರವಣಿಗೆ ಯಂತ್ರಕ್ಕೆ ಒಡ್ಡುವ ತೊಡಕುಗಳಲ್ಲಿ ಮುಖ್ಯವಾದವೆಲ್ಲ ಈ ಹನ್ನೊಂದರೊಳಗೇ ಇವೆ. ‘ಹೊ’ದಲ್ಲಿ ಮೇಲೊಂದು ಗುರುತು, ಬಲಕ್ಕೊಂದು ಗುರುತು. ‘ಪೇ’ದಲ್ಲಿ ದೀರ್ಘ ಬೇರೆಯಾಗಿ ನಿಲ್ಲುತ್ತದೆ. ಹಂಪಿ, ಸಂಡೂರುಗಳ ಸೊನ್ನೆ ತನ್ನದೇ ಜಾಗ ಕೇಳುತ್ತದೆ. ಕಂಪ್ಲಿಯ ‘ಪ್ಲಿ’ಯಲ್ಲಿ ತಲೆಯ ಮೇಲೆ ಗುಡಿಸು, ನಡುವೆ ‘ಪ’, ಕಾಲಡಿಯಲ್ಲಿ ‘ಲ’ ಒತ್ತು, ಹೀಗೆ ಮೂರು ಅಂತಸ್ತು.

ಮನೆಗಣಕಗಳ ಕಾಲದಿಂದ ಇಂದಿನವರೆಗೆ ಈ ಹೆಸರುಗಳು ಪರದೆಯ ಮೇಲೆ ಮೂಡಿದ ಬಗೆಯನ್ನು ಹಂತಹಂತವಾಗಿ ನೋಡುವುದು ಇಲ್ಲಿಯ ಉದ್ದೇಶ. ನನ್ನ ವಾದ ಎರಡು. ಒಂದು, ಇಂಗ್ಲಿಷ್ ಓದುಗನಿಗೆ ಗ್ರಾಫಿಕಲ್ ಇಂಟರ್‌ಫೇಸ್ ಒಂದು ಅನುಕೂಲವಾಗಿತ್ತು. ಕನ್ನಡಕ್ಕೆ ಅದು ಹೊಸ್ತಿಲಾಗಿತ್ತು. ಎರಡು, ಆ ಹೊಸ್ತಿಲು ದಾಟಿಸಿದವರಲ್ಲಿ ಸಂಬಳಕ್ಕಾಗಿ ಅಲ್ಲದೆ ಭಾಷೆಯ ಮೇಲಿನ ಪ್ರೀತಿಯಿಂದ ದುಡಿದ ಆಸಕ್ತರ ಪಾಲು ಬಹಳ ದೊಡ್ಡದು.

ಎಂಟಕ್ಕೆ ಎಂಟರ ಚೌಕ

1981ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ಮೈಕ್ರೊ ಬಂತು, 1982ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್. ಇವೆರಡೂ ಭಾರತಕ್ಕೂ ಬಂದವು. 1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಗಣಕ ಯೋಜನೆಗೆ ಬಿಬಿಸಿ ಮೈಕ್ರೊವನ್ನೇ ಆರಿಸಲಾಯಿತು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಸ್ಪೆಕ್ಟ್ರಮ್ ಮಾದರಿಯನ್ನು ‘ಡಿಬಿ ಸ್ಪೆಕ್ಟ್ರಮ್’ ಹೆಸರಿನಲ್ಲಿ ಮಾರಿತು.

ಈ ಯಂತ್ರಗಳಲ್ಲಿ ಪ್ರತಿ ಅಕ್ಷರವೂ ಎಂಟು ಸಾಲು, ಎಂಟು ಕಂಬದ ಚುಕ್ಕಿಗಳ ಮನೆಯೊಳಗೆ ಕೂರಬೇಕು. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆದಂತೆ, ಯಾವ ಚುಕ್ಕಿ ಬೆಳಗಬೇಕು ಎಂಬುದನ್ನು ಎಂಟು ಸಂಖ್ಯೆಗಳಲ್ಲಿ ಹೇಳಿದರೆ ಹೊಸ ಅಕ್ಷರ ಸಿದ್ಧ. ಸ್ಪೆಕ್ಟ್ರಮ್ ಹೀಗೆ 21 ಹೊಸ ಅಕ್ಷರಗಳಿಗೆ ಎಡೆ ಕೊಡುತ್ತಿತ್ತು, ಬಿಬಿಸಿ ಮೈಕ್ರೊ ಸಾಮಾನ್ಯವಾಗಿ 32ಕ್ಕೆ. ಕನ್ನಡದ ವ್ಯಂಜನಗಳೇ 34. ಸ್ವರ, ಕಾಗುಣಿತ, ಒತ್ತುಗಳ ಮಾತು ಆಮೇಲಿನದು. ಎಂಟೇ ಸಾಲಿನೊಳಗೆ ‘ಪ್ಲಿ’ಯ ಮೂರು ಅಂತಸ್ತನ್ನು ಓದುವಂತೆ ಕೂರಿಸುವುದೂ ಆಗದ ಮಾತು.

ಉಳಿದ ದಾರಿ ಒಂದೇ: ಅಕ್ಷರದ ಮನೆಗಳನ್ನು ಬಿಟ್ಟು ಇಡೀ ಪರದೆಯನ್ನು ಚಿತ್ರವೆಂದು ಬಗೆದು ಚುಕ್ಕಿಚುಕ್ಕಿಯಾಗಿ ಬರೆಯುವುದು. ಸ್ಪೆಕ್ಟ್ರಮ್ ಪರದೆ 256ಕ್ಕೆ 192 ಚುಕ್ಕಿಗಳದ್ದು. ಒಂದು ಕನ್ನಡ ಅಕ್ಷರಕ್ಕೆ ಹದಿನಾರು ಚುಕ್ಕಿಯ ಚೌಕ ಕೊಟ್ಟರೆ ಸಾಲಿಗೆ 16 ಅಕ್ಷರ, ಪರದೆಗೆ 12 ಸಾಲು. ಬಿಬಿಸಿ ಮೈಕ್ರೊದ 640ಕ್ಕೆ 256ರ ಪರದೆಯಲ್ಲಿ ಸಾಲಿಗೆ 40 ಅಕ್ಷರ ಹಿಡಿಯುತ್ತವೆ. ಆದರೆ ಆ ಪರದೆಯೊಂದೇ 32 ಕಿಲೋಬೈಟ್ ಸ್ಮೃತಿಯಲ್ಲಿ 20 ಕಿಲೋಬೈಟ್ ನುಂಗುತ್ತದೆ. ಕನ್ನಡಕ್ಕೆ ಜಾಗ ಮಾಡಿದರೆ ಬರೆಯುವ ತಂತ್ರಾಂಶಕ್ಕೇ ಜಾಗ ಸಾಲದು. ಹಳೆಯ ಗಣಕಗಳಲ್ಲಿ ಕನ್ನಡ ಕಾಣದಿದ್ದುದಕ್ಕೆ ನಮ್ಮ ಲಿಪಿ ಕಷ್ಟದ್ದು ಎಂಬ ಮಾತು ಬಹುಕಾಲ ಕೇಳಿಬರುತ್ತಿತ್ತು. ಲಿಪಿಯಲ್ಲಿ ಕುಂದೇನೂ ಇರಲಿಲ್ಲ. ಯಂತ್ರದ ಅಕ್ಷರಮನೆಯನ್ನು ರೋಮನ್ ಲಿಪಿಯ ಅಳತೆಗೆ ಕಟ್ಟಲಾಗಿತ್ತು.

1984ರ ಜನವರಿಯಲ್ಲಿ ಬಂದ ಮೆಕಿಂಟಾಷ್ ಅಕ್ಷರವನ್ನೂ ಚಿತ್ರವನ್ನೂ ಒಂದೇ ಪರದೆಯ ಚುಕ್ಕಿಗಳಾಗಿ ಕಂಡು ಈ ಕಟ್ಟನ್ನು ಸಡಿಲಿಸಿತು. ಕನ್ನಡಕ್ಕೆ ಬೇಕಿದ್ದ ತತ್ತ್ವ ಅದೇ. ಅಷ್ಟರಲ್ಲಿ ನಮ್ಮಲ್ಲಿ ಇನ್ನೊಂದು ದಾರಿಯೂ ಮೂಡಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ಭಾರತೀಯ ಲಿಪಿಗಳು ತೆರೆಯ ಮೇಲೆ ಬರುತ್ತಿದ್ದವು. ಇದರ ಜೊತೆಗೆ ರೂಪುಗೊಂಡ ‘ಇಸ್ಕಿ’ ಸಂಕೇತಕ್ರಮ 1991ರಲ್ಲಿ ಭಾರತೀಯ ಮಾನಕವಾಯಿತು. ಆದರೆ ಇದು ಸಂಸ್ಥೆಗಳ ದಾರಿ; ಬೇರೆಯದೇ ಕಾರ್ಡು ಕೊಳ್ಳಬೇಕಿತ್ತು. ಮನೆಯಲ್ಲಿ ಕುಳಿತ ಆಸಕ್ತನ ಕೈಗೆಟಕುವಂಥದ್ದಲ್ಲ.

ಇಪ್ಪತ್ತಾರು ಕೀಲಿಯೊಳಗೆ ವರ್ಣಮಾಲೆ

ಮನೆಯ ದಾರಿ ತೆರೆದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್. ಮುದ್ರಣ ಮತ್ತು ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದ ಅವರು ಕನ್ನಡಕ್ಕೆ ಧ್ವನಿಯನ್ನೇ ಆಧರಿಸಿದ ಕೀಲಿಮಣೆ ವಿನ್ಯಾಸ ರೂಪಿಸಿದರು. ತಮ್ಮ ಬರವಣಿಗೆ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟರು.

ರಾವ್ ಅವರ ಹೊಳಹು ಸರಳ, ಅದರ ಫಲ ದೊಡ್ಡದು. ಬೆರಳಚ್ಚು ಯಂತ್ರದಲ್ಲಿ ತಲಕಟ್ಟು, ದೀರ್ಘ, ಕೊಂಬುಗಳನ್ನು ಆಕಾರ ನೋಡಿ ಬಡಿಯಬೇಕಿತ್ತು. ಇವರ ಕೀಲಿಮಣೆಯಲ್ಲಿ ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಸಾಕು, ಆಕಾರ ಕಟ್ಟುವುದು ತಂತ್ರಾಂಶದ ಹೊಣೆ. ಕೆ ಕೀಲಿ ‘ಕ’, ಶಿಫ್ಟ್ ಹಿಡಿದರೆ ‘ಖ’. ಎಫ್ ಕೀಲಿ ಅಕ್ಷರಗಳನ್ನು ಬೆಸೆಯುವ ಕೊಂಡಿ. ಕಂಪ್ಲಿಯ ‘ಪ್ಲಿ’ ಬೇಕೆಂದರೆ ಪಿ, ಎಫ್, ಎಲ್, ಐ. ನಾಲ್ಕು ಒತ್ತು, ಮೂರು ಅಂತಸ್ತು ತಾನಾಗಿ ಕೂಡುತ್ತದೆ. ಇಡೀ ವರ್ಣಮಾಲೆ ಇಂಗ್ಲಿಷಿನ 26 ಕೀಲಿಗಳೊಳಗೇ ಅಡಗಿತು. ಕಾಗುಣಿತ, ಒತ್ತಕ್ಷರ ಬಲ್ಲವರಿಗೆ ಹೊಸದಾಗಿ ಕಲಿಯಬೇಕಾದದ್ದು ಅಲ್ಪ. ಮುಂದೆ ಕರ್ನಾಟಕ ಸರ್ಕಾರ ಇದೇ ವಿನ್ಯಾಸವನ್ನು ಪ್ರಮಾಣಿತ ಎಂದು ಒಪ್ಪಿಕೊಂಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾವ್ ಅವರಿಗೆ ನಾಡೋಜ ಗೌರವ ನೀಡಿತು. ಕವಿಗಳು, ವಿದ್ವಾಂಸರು ಪಡೆಯುವ ಗೌರವ ಕೀಲಿಮಣೆ ರೂಪಿಸಿದವರಿಗೂ ಸಂದದ್ದು ನುಡಿಚರಿತ್ರೆಯಲ್ಲಿ ಗುರುತಿಸಬೇಕಾದ ಸಂಗತಿ.

ಕಿಟಕಿ ತೆರೆದ ದಶಕ

1992ರಲ್ಲಿ ಬಂದ ವಿಂಡೋಸ್ 3.1, ಟ್ರೂಟೈಪ್ ಫಾಂಟುಗಳನ್ನು ಸಾಮಾನ್ಯ ಪಿಸಿಗೆ ತಂದಿತು. ವಿಶೇಷ ಕಾರ್ಡು ಬೇಡ, ಅಕ್ಷರದ ಆಕಾರವನ್ನು ಯಾರು ಬೇಕಾದರೂ ಫಾಂಟ್ ಕಡತದಲ್ಲಿ ತುಂಬಬಹುದು. ಇಲ್ಲಿಂದ ಆಸಕ್ತರ ಕೈಕಟ್ಟು ನಿಜವಾಗಿ ಬಿಚ್ಚಿತು. ಯು. ಬಿ. ಪವನಜ 1996ರಲ್ಲಿ ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆ ತಂದರು; ಮಕ್ಕಳು ಕನ್ನಡದಲ್ಲೇ ಆಜ್ಞೆ ಬರೆದು ಆಮೆಯಿಂದ ಗೆರೆ ಎಳೆಸುವ ‘ಕನ್ನಡ ಲೋಗೋ’ ರೂಪಿಸಿದರು. ಅಮೆರಿಕದಲ್ಲಿದ್ದ ಎಂಜಿನಿಯರ್ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ ಬಿಡುಗಡೆ ಮಾಡಿದರು. ರೋಮನ್ ಅಕ್ಷರದಲ್ಲಿ ಉಚ್ಚಾರದಂತೆ ಬರೆದರೆ ಕನ್ನಡವಾಗುವ ಈ ತಂತ್ರಾಂಶ, ಊರುಬಿಟ್ಟ ಸಾವಿರಾರು ಕನ್ನಡಿಗರನ್ನು ಮತ್ತೆ ಲಿಪಿಗೆ ಕರೆತಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕೆ. ಪಿ. ರಾವ್ ವಿನ್ಯಾಸವನ್ನು ಕಚೇರಿ ಕಚೇರಿಗೆ ತಲುಪಿಸಿತು. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಆಶ್ರಯದಲ್ಲಿ ‘ಕುವೆಂಪು ಕನ್ನಡ ತಂತ್ರಾಂಶ’ ಬಂತು.

ಈ ದಶಕದ ಜಾಣ್ಮೆಯಲ್ಲೇ ಒಂದು ಮಿತಿಯೂ ಅಡಗಿತ್ತು. ಫಾಂಟಿನಲ್ಲಿದ್ದದ್ದು 256ಕ್ಕಿಂತ ಕಡಿಮೆ ಸ್ಥಾನ. ಹಾಗಾಗಿ ಅಕ್ಷರವನ್ನು ತುಂಡುತುಂಡಾಗಿ ಸಂಗ್ರಹಿಸಬೇಕಾಯಿತು. ‘ನುಡಿ’ಯ ಹಳೆಯ ಸಂಕೇತಕ್ರಮದಲ್ಲಿ ‘ಸ’ ಕೂಡ ಎರಡು ತುಂಡು: ಒಡಲು ಒಂದು, ತಲಕಟ್ಟು ಇನ್ನೊಂದು. ‘ಹೊಸಪೇಟೆ’ ಅಲ್ಲಿ ಹತ್ತು ತುಂಡು. ‘ಕಂಪ್ಲಿ’ಯಲ್ಲಿ ಮೊದಲು ‘ಪಿ’ ಕೂತು ಆಮೇಲೆ ‘ಲ’ ಒತ್ತು ಬರುತ್ತದೆ. ಕಣ್ಣಿಗೆ ಸರಿ, ವ್ಯಾಕರಣಕ್ಕೆ ತಪ್ಪು. ಅಕಾರಾದಿ ಜೋಡಿಸಹೊರಟರೆ ಹೆಸರುಗಳು ಜಾಗ ತಪ್ಪುತ್ತವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಯುನಿಕೋಡ್ ಮತ್ತು ಕನ್ನಡದ ಮೆನು

ಫಾಂಟಿಗೆ ಅಂಟಿದ ಸಂಕೇತಗಳ ಈ ತೊಡಕಿಗೆ ಪರಿಹಾರ ಯುನಿಕೋಡ್, ಎಲ್ಲ ಲಿಪಿಗಳಿಗೂ ಒಂದೇ ಸಂಕೇತಕ್ರಮ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು, ಇಸ್ಕಿಯ ಜೋಡಣೆಯನ್ನೇ ಆಧರಿಸಿ. ಇಲ್ಲಿ ಸಂಗ್ರಹವಾಗುವುದು ಆಕಾರವಲ್ಲ, ಅಕ್ಷರದ ಘಟಕ. ಹೊಸಪೇಟೆಗೆ ಏಳು ಸಂಕೇತ, ಹಂಪಿಗೆ ನಾಲ್ಕು, ಸಂಡೂರಿಗೆ ಆರು, ಕಂಪ್ಲಿಗೆ ಆರು. ‘ಪ್ಲಿ’ ಎಂದರೆ ಪ, ವಿರಾಮ, ಲ, ಗುಡಿಸು, ಕೆ. ಪಿ. ರಾವ್ ಕೀಲಿಮಣೆಯ ಪಿ, ಎಫ್, ಎಲ್, ಐ ಕ್ರಮವೇ ಇದು. ಬೆರಳು ಒತ್ತುವ ಕ್ರಮ, ಗಣಕ ನೆನಪಿಡುವ ಕ್ರಮ, ನಾಲಿಗೆ ನುಡಿಯುವ ಕ್ರಮ ಮೂರೂ ಒಂದಾದವು.

ಸಾಮಾನ್ಯರ ಗಣಕದಲ್ಲಿ ಇದು ಕೆಲಸ ಮಾಡಿದ್ದು 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆ. ಫಾಂಟಿಗೆ ನಮ್ಮ ನದಿಯ ಹೆಸರು ಬಂತು, ಮೆನುಗಳು ಮಾತ್ರ ಇಂಗ್ಲಿಷಿನಲ್ಲೇ ಇದ್ದವು. ಅವನ್ನು ಕನ್ನಡಿಸುವ ಕೆಲಸಕ್ಕೆ ಲಿನಕ್ಸ್ ಆಸಕ್ತರು ಕೈಹಾಕಿದರು. ಗ್ನೋಮ್, ಕೆಡಿಇ ಎಂಬ ಗ್ರಾಫಿಕಲ್ ಪರಿಸರಗಳ ಮೂಲ ಎಲ್ಲರಿಗೂ ತೆರೆದಿದ್ದರಿಂದ ಯಾರ ಅಪ್ಪಣೆಯೂ ಬೇಕಿರಲಿಲ್ಲ. ‘ಕಡತ’, ‘ಸಂಪಾದನೆ’, ‘ನೋಟ’, ‘ಸಹಾಯ’ ಎಂಬ ಮಾತುಗಳು ಮೆನುವಿನ ಪಟ್ಟಿಯಲ್ಲಿ ನೆಲೆನಿಂತವು. ಒಂದೊಂದು ಪದಕ್ಕೂ ಚರ್ಚೆ ನಡೆದದ್ದುಂಟು, ಸರಿಯಾಗಿಯೇ. ಗುಂಡಿಯ ಮೇಲಿನ ಮಾತು ಚಿಕ್ಕದಿರಬೇಕು, ಮೊದಲ ಸಲ ನೋಡಿದವನಿಗೂ ತಿಳಿಯಬೇಕು. ಇದು ನಿಘಂಟುಕಾರನಿಗೂ ಹೊಸ ಬಗೆಯ ಪರೀಕ್ಷೆ.

ಹಂಪಿಯ ಕಲ್ಲು ಕೇಳುವ ಅಕ್ಷರ

ಇಂದಿನ ಬರಹಕ್ಕೆ ಇಷ್ಟು ಸಾಕಾದರೂ ಶಾಸನಗಳಿಗೆ ಸಾಲದು. ಹಳೆಯ ಶಾಸನಪಾಠಗಳನ್ನು ಅಚ್ಚಿಗೆ ತರಲು ‘ಱ’, ‘ೞ’ ಎಂಬ ಹಳಗನ್ನಡದ ಅಕ್ಷರಗಳು ಬೇಕೇ ಬೇಕು. ಯುನಿಕೋಡ್‌ನಲ್ಲಿ ಎರಡೂ ಇವೆ. ಆದರೆ ‘ೞ’ಕ್ಕೆ ಅಧಿಕೃತ ಪಟ್ಟಿಯಲ್ಲಿ ‘ಫ’ ಎಂಬ ಅರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ, ಪಕ್ಕದಲ್ಲೊಂದು ತಿದ್ದುಪಡಿಯ ಟಿಪ್ಪಣಿ ಮಾತ್ರ. ಲಿಪಿ ಬಲ್ಲವರು ತೀರ್ಮಾನದ ಹೊತ್ತಿನಲ್ಲಿ ಮೇಜಿನ ಬಳಿ ಇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಶಾಶ್ವತ ಸಾಕ್ಷಿ. ವಿಜಯನಗರದ ಅರಸರ ತಾಮ್ರಪಟಗಳ ನಂದಿನಾಗರಿ ಲಿಪಿ ಯುನಿಕೋಡ್ ಸೇರಲು 2019ರವರೆಗೆ ಕಾಯಬೇಕಾಯಿತು.

ಉಪಸಂಹಾರ

ಜಗತ್ತಿನ ಬೇರೆಡೆಯ ಆಸಕ್ತರೊಡನೆ ನಮ್ಮವರನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಸ್ವೀಡನ್ನಿನ ಆಡಂ ಡಂಕೆಲ್ಸ್ 2003ರಲ್ಲಿ ‘ಕಂಟಿಕಿ’ ಎಂಬ ಕಾರ್ಯಾಚರಣ ವ್ಯವಸ್ಥೆ ಬರೆದು 64 ಕಿಲೋಬೈಟಿನ ಹಳೆಯ ಕೊಮೊಡೋರ್ 64ರಲ್ಲಿ ಕಿಟಕಿಗಳನ್ನು ತೆರೆದರು. ಜರ್ಮನಿಯ ಯೋರ್ನ್ ಮಿಕಾ ‘ಸಿಂಬೋಸ್’ ಮೂಲಕ ಆಮ್‌ಸ್ಟ್ರಾಡ್ ಗಣಕಕ್ಕೆ ಇಂದಿನ ಪರದೆಯ ರೂಪ ಕೊಟ್ಟರು. ಅವರು ಹಳೆಯ ಯಂತ್ರಕ್ಕೆ ಹೊಸ ಮುಖ ತಂದರು. ನಮ್ಮವರು ಹೊಸ ಯಂತ್ರಕ್ಕೆ ಹಳೆಯ ಲಿಪಿ ಕಲಿಸಿದರು. ಸಾಧನೆಯ ಬಗೆ ಬೇರೆ, ಛಲ ಒಂದೇ.

ಇನ್ನೊಂದು ವ್ಯತ್ಯಾಸ ನೋವಿನದು. ಅಲ್ಲಿನ ಹಳೆಯ ತಂತ್ರಾಂಶಗಳನ್ನು ಅಕ್ಕರೆಯಿಂದ ಕಾಪಿಟ್ಟಿದ್ದಾರೆ. ನಮ್ಮ ಡಾಸ್ ಕಾಲದ ‘ಸೇಡಿಯಾಪು’, ‘ಬರಹ’ ಮತ್ತು ‘ನುಡಿ’ಗಳ ಮೊದಲ ಆವೃತ್ತಿ, ಅವುಗಳ ಕೈಪಿಡಿ, ಅವುಗಳಲ್ಲಿ ಬರೆದಿಟ್ಟ ಕಥೆ, ಪ್ರಬಂಧ, ಶಾಸನಪಾಠ ಇವೆಲ್ಲ ಫ್ಲಾಪಿಗಳಲ್ಲಿ, ಸಿಡಿಗಳಲ್ಲಿ ಸವೆಯುತ್ತಿವೆ. ಫ್ಲಾಪಿಯ ಕಾಂತಲೇಪ ತಾಮ್ರಪಟದಷ್ಟು ಬಾಳುವುದಿಲ್ಲ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಮುಕ್ತ ತಂತ್ರಾಂಶದ ಆಸಕ್ತರು ಈಗಾಗಲೇ ಬರೆದುಕೊಟ್ಟಿದ್ದಾರೆ. ಇನ್ನು ಬೇಕಿರುವುದು ಒಂದು ನೆಲೆ. ಶಾಸನ, ಹಸ್ತಪ್ರತಿಗಳನ್ನು ಓದಿಸಿ ಅಚ್ಚಿಗೆ ತಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕನ್ನಡ ತಂತ್ರಾಂಶಗಳ ಭಂಡಾರವೊಂದನ್ನೂ ತೆರೆಯಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಮುದ್ರಣಾಲಯ, ಡಿಟಿಪಿ ಅಂಗಡಿ, ಶಾಲೆಗಳ ಅಟ್ಟದಲ್ಲಿ ಹಳೆಯ ಗಣಕವೋ ಫ್ಲಾಪಿ ಪೆಟ್ಟಿಗೆಯೋ ಇದ್ದರೆ, ಓದುಗರು ಅದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲಿ. ಅದರೊಳಗಿರುವುದು ಕನ್ನಡದ ಚರಿತ್ರೆಯ ಒಂದು ಪುಟ.